ಜೊತೆಗೆ ಬಂದವರು

"ಇವತ್ತು ಯಾರ ಜೊತೆ, ಹವಾಲ್ದಾರ್ರೇ?"

ಶಿವಾಜಿನಗರದ ಆಸ್ಪತ್ರೆಯ ಬೆಂಚಿನಲ್ಲಿ ಬೃಂದಾ ಪಕ್ಕಕ್ಕೆ ಬಂದು ಕೂತಳು. ಮುನಿರಾಜುವಿನ ತೊಡೆಯ ಮೇಲೆ ಸ್ಕ್ಯಾನ್ ಕವರ್ ಇತ್ತು.

"ಒಬ್ಬ ರಿಟೈರ್ಡ್ ಮಿಲಿಟರಿಯವನು. ಹಲಸೂರಿನವನು."

"ಎಲ್ಲಿ ಆಸಾಮಿ?"

"ಟೀಗೆ ಹೋಗಿದ್ದಾನೆ."

"ಹೆದರಿದ್ದಾರಾ?"

"ಏನೂ ಅನ್ನಿಸ್ತಿಲ್ವಂತೆ."

ಕ್ಯಾನ್ಸರಿಗೆ ಎಡಗಡೆಯ ಅರ್ಧ ಶ್ವಾಸಕೋಶ ಕೊಟ್ಟು ಬದುಕಿದ ಮೇಲೆ ಮುನಿರಾಜು ಇಲ್ಲೇ ಬೀಡುಬಿಟ್ಟಿದ್ದ. ರಿಪೋರ್ಟಿಗೆ ಹೆದರುವವರ ಜೊತೆ ಒಳಗೆ ಹೋಗಿ, ಅವರ ಬಾಯಿಗೆ ಬಾರದ ಪ್ರಶ್ನೆಗಳನ್ನು ತಾನೇ ಕೇಳುತ್ತಿದ್ದ. ಹೊರಗೆ ಬಂದು ಡಾಕ್ಟರ ದನಿಯಲ್ಲೇ ಅಣಕಿಸಿ ನಗಿಸುತ್ತಿದ್ದ. "ರಿಪೋರ್ಟ್ ಕೇಳೋಕೆ ಒಬ್ರೇ ಹೋಗ್ಬಾರ್ದು. ಇದು ಆರ್ಡರ್."

ಕಳೆದ ವರ್ಷ ಬೃಂದಾಳ ಅಪ್ಪನಿಗಾಗಿ ಮಾತಾಡಿದ್ದೂ ಅವನೇ. ಅಪ್ಪ ಹೋದರು. ಬೃಂದಾ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಹೊಸಬರ ಪಕ್ಕ ಈಗ ಅವಳೂ ಕೂರುತ್ತಾಳೆ.

"ಎಲ್ಲಿ, ಡಾಕ್ಟ್ರ ಥರ ಮಾಡಿ ಒಂದ್ಸಲ."

"ಇವತ್ತು ಬೇಡ."

ಅವಳು ತಲೆ ಓರೆ ಮಾಡಿ, ತುಟಿ ಕಚ್ಚಿ ಅವನನ್ನೇ ನೋಡಿದಳು. ಅವನು ಫ್ಯಾನು ನೋಡಿದ.

"ಪೇಷಂಟ್ ಮುನಿರಾಜು," ನರ್ಸ್ ಕರೆದರು.

ಬೃಂದಾ ಕವರ್ ತಿರುಗಿಸಿ ಹೆಸರು ಓದಿದಳು. ನಗು ಅರ್ಧಕ್ಕೇ ನಿಂತಿತು.

"ಟೀಗೆ ಹೋದೋನು ವಾಪಸ್ ಬಂದ್ನಾ?"

"ಆ ರೂಮಲ್ಲಿ ಅಪ್ಪನ ರಿಪೋರ್ಟ್ ನೀವು ಒಂದ್ಸಲ ಕೇಳಿದ್ದೀರ. ಇನ್ನೊಂದ್ಸಲ ಯಾಕೆ ಅಂತ ಹೇಳ್ಲಿಲ್ಲ."

"ಆರ್ಡರ್ ಎಲ್ರಿಗೂ ಒಂದೇ ಅಲ್ವೇನ್ರೀ? ಏಳಿ."

ಒಳಗೆ, ಅವಸರದಲ್ಲಿ, ಅವನ ಎಡಕ್ಕೆ ಕೂತಳು. ಆಪರೇಷನ್ ಆದಾಗಿನಿಂದ ಆ ಪಕ್ಕೆಗೆ ಸ್ಪರ್ಶವಿಲ್ಲ. ಅವಳಿಗೆ ಅವನೇ ಹೇಳಿದ್ದ. ಅವಳ ಮೊಣಕೈ ತಾಗಿದ್ದು ಅವನಿಗೆ ಗೊತ್ತಾಗಲಿಲ್ಲ, ಕಣ್ಣಿಗೆ ಬಿತ್ತು. ಅದನ್ನೇ ನೋಡುತ್ತಾ ಕೂತ.

ಡಾಕ್ಟರ್ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದರು. ಊರವರಿಗೆಲ್ಲ ಪ್ರಶ್ನೆ ಕೇಳಿಕೊಟ್ಟವನು ಖಾಲಿ ಕವರನ್ನು ಮಡಚುತ್ತಾ ಕೂತಿದ್ದ.

"ಮತ್ತೆ ಬಂದಿದೆಯಾ ಡಾಕ್ಟ್ರೇ? ನೇರವಾಗಿ ಹೇಳ್ಬಿಡಿ," ಎಂದಳು ಬೃಂದಾ.

"ಇಲ್ಲ. ಕ್ಲಿಯರ್ ಆಗಿದೆ. ಆರು ತಿಂಗಳು ಬಿಟ್ಟು ಬನ್ನಿ." ಡಾಕ್ಟರ್ ಪೆನ್ನು ತೆಗೆದರು. "ನೀವು ಇವರಿಗೆ ಏನಾಗ್ಬೇಕಮ್ಮ?"

"ಅವರನ್ನೇ ಕೇಳಿ."

ಮುನಿರಾಜು ಗಂಟಲು ಸರಿಮಾಡಿಕೊಂಡ. ಎರವಲು ದನಿ ಒಂದೂ ಒದಗಲಿಲ್ಲ. ಉಳಿದಿದ್ದು ತನ್ನದೇ, ಸಣ್ಣದು.

"ನಮ್ಮನೆಯವ್ರು ಸಾರ್. ಅವರು ಒಪ್ಪಿದ್ರೆ."

"ಬರ್ಕೊಳ್ಳಿ ಡಾಕ್ಟ್ರೇ," ಎಂದು ಬೃಂದಾ ಎದ್ದಳು. ಕುರ್ಚಿಯನ್ನು ಅವನ ಬಲಕ್ಕೆ ಎಳೆದುಕೊಂಡು, ಭುಜ ತಾಗಿಸಿ ಕೂತಳು.

"ಈ ಕಡೆ ಗೊತ್ತಾಗುತ್ತಾ?"

"ಹ್ಞೂಂ," ಎಂದ. "ಗೊತ್ತಾಗ್ತಿದೆ."