ಐದನೇ ಎಸಳು

ಹಾವೇರಿಯಿಂದ ಗಂಡಿನ ಕಡೆಯವರು ನಾಲ್ಕು ಗಂಟೆಗೆ ಬರುವವರಿದ್ದರು. ಮೂರಕ್ಕೆ ಸ್ಫೂರ್ತಿ ಇಸಳೂರಿನಲ್ಲಿ, ಮಧುಕೇಶ್ವರನ ಅರ್ಧ ಕಟ್ಟಿದ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದಳು. ಉಟ್ಟಿದ್ದು ರೇಷ್ಮೆ ಸೀರೆ, ಮುಡಿದಿದ್ದು ಮಲ್ಲಿಗೆ, ಮೂಗಿನ ತುದಿಯಲ್ಲಿ ಸಿಟ್ಟು.

"ಎರಡು ವರ್ಷ ಸುಮ್ಮನಿದ್ದು ಇವತ್ತ ಫೋನ್ ಮಾಡಬೇಕಿತ್ತೇನು?"

"ಹೂ ಬಿಟ್ಟಿದ್ದ ಇವತ್ತು," ಅಂದ ಅವನು.

ಸಿಮೆಂಟ್ ಚೀಲಗಳ ಪಕ್ಕ, ತಗಡಿನ ಶೀಟಿನ ಕೆಳಗೆ, ನೀಲಿ ಡ್ರಮ್ಮಿನಲ್ಲಿ ಎದೆಯೆತ್ತರದ ಮುಳ್ಳುಗಿಡ. ಮೈತುಂಬ ಹಳದಿ ಹೂ.

ಅವಳಿಗೆ ಎಲ್ಲ ನೆನಪಾಯಿತು. ಕಾಲೇಜಿನ ಕೊನೆಯ ದಿನ ಸಸ್ಯಶಾಸ್ತ್ರದ ಕ್ಲಾಸಿನ ಎದುರು ಜಂಬ ಕೊಚ್ಚಿಕೊಂಡಿದ್ದಳು: ನಾನು ಹೆಸರು ಹೇಳಲಾರದ ಗಿಡ ತಂದವನನ್ನೇ ಮದುವೆಯಾಗ್ತೀನಿ, ಆದರೆ ಹೂವಿಲ್ಲದ ಗಿಡ ಲೆಕ್ಕಕ್ಕಿಲ್ಲ. ಎಲ್ಲರೂ ನಕ್ಕಿದ್ದರು. ಹಿಂದಿನ ಬೆಂಚಿನ ಮಧುಕೇಶ್ವರ ಮಾತ್ರ ನಕ್ಕಿರಲಿಲ್ಲ. ಆಮೇಲೆ ಸೋಲಾರ್ ಕೆಲಸಕ್ಕೆಂದು ಗುಜರಾತಿನ ಕಛ್‌ಗೆ ಹೋದವನು ಒಂದು ಮೆಸೇಜೂ ಹಾಕಲಿಲ್ಲ. ಅವಳು ಎಷ್ಟು ಸಲ ಫೋನ್ ತೆಗೆದು ನೋಡಿದ್ದಳೋ ಅವಳಿಗೇ ಗೊತ್ತು. ಕಾದು ಕಾದು ಸಾಕಾಗಿ, ಹಾವೇರಿಯವರಿಗೆ ಹೂಂ ಅನ್ನುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಸಸಿ ಅಲ್ಲಿಂದ ಕಳಿಸಿದ್ದೆ. ಮಳಿಗೆ ಕೊಳೀಬಾರದಂತ ಅವ್ವ ಶೀಟ್ ಹಾಕಿ ಕಾದಾಳ. ಹೂ ಬಿಡೂತನಕ ನಿಂಗ ಹೆಂಗ ತೋರಸ್ಲಿ?" ಅಂದ. "ಹೆಸರು ಹೇಳಿಬಿಟ್ರ ಮನಿಗೆ ಹೋಗು. ನಾ ಏನೂ ಕೇಳಾಂಗಿಲ್ಲ."

ಅವಳು ಸೆರಗು ಸಿಕ್ಕಿಸಿ ಬಗ್ಗಿದಳು. "ಬಟಾಣಿ ಕುಟುಂಬದ್ದು."

ಅವನ ಮುಖ ಇಳಿಯಿತು.

"ತೊಗಟಿ ಹಸಿರು. ನೀರಿಲ್ಲಂದ್ರ ಎಲಿ ಉದುರಿಸಿ ತೊಗಟಿ ಮ್ಯಾಲ ಬದುಕತೈತಿ. ಮರುಭೂಮಿ ಗಿಡ."

ಅವನು ರಸ್ತೆಯ ಕಡೆ ತಿರುಗಿ ನಿಂತ. ಎರಡು ವರ್ಷದ ಆಸೆ ಎರಡು ಮಾತಿನಲ್ಲಿ ಮುಗಿಯುತ್ತ ಬಂದಿತ್ತು.

ನಾಲ್ಕು ಎಸಳು ಅಪ್ಪಟ ಹಳದಿ. ಐದನೆಯದರ ಮೇಲೆ ಕೆಂಪು ಚುಕ್ಕಿ. ಗೇಟಿನಲ್ಲಿ ಸ್ಕೂಟಿ ನಿಲ್ಲಿಸುವಾಗಲೇ ಅವಳಿಗೆ ಹೆಸರು ಹೊಳೆದಿತ್ತು. ಹೋದ ವಾರ ತನ್ನ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದ ಗಿಡ ಅದು.

ಅಪ್ಪನ ಫೋನ್ ಬಂತು. "ಎಲ್ಲಿ ಹೋಗೀಯವ್ವಾ? ಅವರು ಹಾನಗಲ್ ದಾಟಿದ್ರಂತ."

"ಬಂದೆ ಅಪ್ಪಾಜಿ."

"ಹೆಸರು?" ಮಧುಕೇಶ್ವರ ತಿರುಗದೆಯೇ ಕೇಳಿದ.

ನಾಲಿಗೆ ತುದಿಗೆ ಬಂದಿದ್ದನ್ನು ಅವಳು ನುಂಗಿಕೊಂಡಳು.

"ಗೊತ್ತಿಲ್ಲ."

ಗಿಡದ ವಿಷಯದಲ್ಲಿ ಅವಳ ಬಾಯಿಂದ ಆ ಮಾತು ಯಾರೂ ಕೇಳಿರಲಿಲ್ಲ. ಅವನು ತಿರುಗಿ, ಅವಳ ಕಣ್ಣನ್ನೇ ನೋಡಿದ. "ಸುಳ್ಳು. ನಿಂಗ ಗೊತ್ತೈತಿ."

"ಗೊತ್ತಿಲ್ಲ ಅಂದ್ನೆಲ್ಲ." ಅವಳು ಸ್ಕೂಟಿ ಚಾಲೂ ಮಾಡಿದಳು. "ಗಾಡಿ ಹತ್ತು. ಅವರು ಬರೂದ್ರೊಳಗ ಅಪ್ಪಾಜಿ ಮುಂದ ನೀನ ಹೇಳಬೇಕು, ನಿಮ್ಮ ಮಗಳು ಸೋತಳ್ರಿ ಅಂತ."

ಅವನು ಹಿಂದೆ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೇ ಇಟ್ಟುಕೊಂಡ. ಸ್ಕೂಟಿ ಹೆದ್ದಾರಿಗೆ ಬಂತು.

"ಖರೇನ ಗೊತ್ತಿಲ್ಲೇನು?" ಅಂದ.

ಕನ್ನಡಿಯಲ್ಲಿ ಅವನ ಮುಖ ನೋಡಿ ಅವಳಿಗೆ ನಗು ಬಂತು.

"ಮದುವಿ ಆದ ಮ್ಯಾಲ ಹೇಳ್ತೀನಿ."