ಖಾಲಿ ಬಲೆಗೆ ಬಿದ್ದವರು

ಅವಳು ಅವನಿಗೆ ಆಡಿದ ಮೊದಲ ಮಾತು, "ಮುಟ್ಬೇಡಿ!"

ಪ್ರೇಮಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಗಲಿಕ್ಕಿಲ್ಲ. ಆದರೆ ತಪ್ಪು ಅವಳದಲ್ಲ. ಸೇಬಿನ ತೋಟಕ್ಕೆ ಬಂದ ಮೊದಲ ದಿನ ಏಣಿ ಏರುವಾಗ ಕೈಯಲ್ಲಿದ್ದ ಪೊಟ್ಟಣ ಹರಿದು, ಒಳಗಿದ್ದ ಕೆಂಪು ರಬ್ಬರ್ ಗುಂಡಿಗಳು ಹುಲ್ಲಿನಲ್ಲಿ ಚೆಲ್ಲಾಪಿಲ್ಲಿಯಾದವು. ಏಣಿ ಹಿಡಿದು ನಿಂತಿದ್ದವನು ಹೆಕ್ಕಿಕೊಡಲು ಬಗ್ಗಿದ. ಆ ಗುಂಡಿಗಳಲ್ಲಿ ಹೆಣ್ಣು ಪತಂಗದ ವಾಸನೆ ಇತ್ತು. ಮನುಷ್ಯರ ಮೂಗಿಗೆ ಅದು ಗೊತ್ತೇ ಆಗದು. ಗಂಡು ಪತಂಗಕ್ಕೆ ಮಾತ್ರ ನಾಲ್ಕು ಸಾಲು ಮರದಾಚೆಯಿಂದಲೂ ತಲುಪುವ ಕರೆಯೋಲೆ.

"ಬರಿಗೈಲಿ ಮುಟ್ಟಿದ್ರೆ ವಾರಗಟ್ಟಲೆ ಬಿಡಲ್ಲ ರೀ," ಎಂದು ಏಣಿಯ ಮೇಲಿಂದಲೇ ಒಂದು ಜೊತೆ ಕೈಗವಸು ಎಸೆದಳು. "ಇದನ್ನ ಹಾಕ್ಕೊಳ್ಳದೆ ನನ್ನ ಬಲೆಗಳ ಹತ್ತಿರ ಬರಬೇಡಿ."

"ಅಪ್ಪಣೆ," ಎಂದ, ಥೇಟ್ ಅವಳದೇ ದನಿಯಲ್ಲಿ.

ಪೊಟ್ಟಣದಲ್ಲಿ ಹದಿಮೂರು ಗುಂಡಿಗಳಿದ್ದವು. ಅವಳೇ ಇಳಿದು ಚಿಮಟದಲ್ಲಿ ಹೆಕ್ಕಿದಾಗ ಸಿಕ್ಕಿದ್ದು ಹನ್ನೆರಡು, ಬೇಕಾಗಿದ್ದೂ ಹನ್ನೆರಡು. 'ಒಂದು ಹುಲ್ಲಿನಲ್ಲಿ ಕಳೆದಿದೆ' ಎಂದು ನೋಟ್‌ಬುಕ್ಕಿನಲ್ಲಿ ಗೀಚಿ ಅವಳು ಮರೆತುಬಿಟ್ಟಳು.

ಅವಳು ವಿಶ್ವವಿದ್ಯಾಲಯದಿಂದ ಬಂದ ಕೀಟತಜ್ಞೆ. ತೋಟದವರ ಬಾಯಲ್ಲಿ 'ಹುಳದ ಮೇಡಂ'. ಅವನು 'ಟೇಪ್ ರೆಕಾರ್ಡರ್'. ಒಮ್ಮೆ ಕಿವಿಗೆ ಬಿದ್ದ ದನಿಯನ್ನು ಅವನ ಗಂಟಲು ಹಾಗೆಯೇ ವಾಪಸ್ ನುಡಿಸುತ್ತಿತ್ತು. ತೋಟ ಅವನ ಅಕ್ಕನದು. ಮರ ಸವರುವುದು, ಹುಲ್ಲು ಕತ್ತರಿಸುವುದು, ಕಾಯಿ ಇಳಿಸುವುದು ಇವನ ಪಾಲು. ಔಷಧಿ ಹೊಡೆಯುವ ಟ್ರ್ಯಾಕ್ಟರ್ ಮಾತ್ರ ಅಕ್ಕನ ಕೈಯಲ್ಲೇ.

"ನೋಡಮ್ಮ, ಆರು ವಾರ ನಿನಗೆ ಬಿಟ್ಟಿದ್ದೀನಿ," ಎಂದಿದ್ದಳು ಅಕ್ಕ. "ಯಾವುದಾದ್ರೂ ಬಲೆಗೆ ವಾರಕ್ಕೆ ಐದು ಪತಂಗ ದಾಟಿತೋ, ನನ್ನ ಟ್ರ್ಯಾಕ್ಟರ್ ಹೊರಡುತ್ತೆ. ಆಮೇಲೆ ನಿನ್ನ ಕಣಜಾನೂ ಇಲ್ಲ, ಗಿಣಜಾನೂ ಇಲ್ಲ."

ಆ ಕಣಜದ ಹುಳಗಳೇ ಅವಳ ಜೀವ. ಸಾಸಿವೆಗಿಂತ ಸಣ್ಣವು. ಕಾಯಿಕೊರಕ ಪತಂಗ ಇಟ್ಟ ಮೊಟ್ಟೆಯೊಳಗೆ ಇವು ತಮ್ಮ ಮೊಟ್ಟೆ ತುರುಕಿ, ಹುಳ ಹುಟ್ಟುವ ಮೊದಲೇ ಅದರ ಕಥೆ ಮುಗಿಸುತ್ತವೆ. ಪಕ್ಕದ ಕಾಡಂಚಿನಲ್ಲಿ ತಾನೇ ಹಿಡಿದು, ಸಾಕಿ, ಸಂಖ್ಯೆ ಹೆಚ್ಚಿಸಿ ತೋಟಕ್ಕೆ ಬಿಟ್ಟಿದ್ದಳು. ಔಷಧಿ ಒಂದು ಸಲ ಬಿದ್ದರೆ ಎಲ್ಲರಿಗಿಂತ ಮೊದಲು ಸಾಯುವವೂ ಅವೇ.

ಪತಂಗ ಎಷ್ಟಿವೆ ಎಂದು ಹೇಳುವುದು ಹನ್ನೆರಡು ಮೋಹಕ ಬಲೆಗಳ ಕೆಲಸ: ಮೇಲೆ ಪುಟ್ಟ ಮಾಡು, ಒಳಗೆ ಅಂಟು ಹಾಳೆ, ನಡುವೆ ಕೆಂಪು ಗುಂಡಿ. ಹದಿಮೂರನೆಯದು ಖಾಲಿ ಬಲೆ. ಅದರಲ್ಲಿ ಗುಂಡಿಯಿಲ್ಲ, ಆದ್ದರಿಂದ ಪತಂಗವೂ ಬೀಳಬಾರದು. ಬಿದ್ದರೆ ಎಲ್ಲೋ ಎಡವಟ್ಟಾಗಿದೆ, ಉಳಿದ ಹನ್ನೆರಡರ ಮಾತನ್ನೂ ನಂಬುವಂತಿಲ್ಲ. ಅದನ್ನು ಅವಳು ತನ್ನ ಕೋಣೆಯ ಕಿಟಕಿಯ ಎದುರಿನ ಮರಕ್ಕೇ ತೂಗುಹಾಕಿದ್ದಳು, ಕಣ್ಣೆದುರಿಗಿರಲಿ ಎಂದು.

ಕಣ್ಣೆದುರಿಗೆ ಬಲೆಯೊಂದೇ ಇರಲಿಲ್ಲ. ದಿನಾ ಬೆಳಿಗ್ಗೆ ಏಳು ಗಂಟೆಯ ಆಸುಪಾಸಿನಲ್ಲಿ ಅವನೂ ಇರುತ್ತಿದ್ದ. ಜೇಬಿನಿಂದ ಕೈಗವಸು ತೆಗೆದು, ಮದುಮಗನ ಗಾಂಭೀರ್ಯದಲ್ಲಿ ತೊಟ್ಟು, ಬಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡುತ್ತಿದ್ದ.

"ಏನ್ರೀ ಅದು?"

"ಗಾಳಿಗೆ ಓರೆಯಾಗಿತ್ತು ಮೇಡಂ."

ತೋಟದಲ್ಲಿ ಹದಿಮೂರು ಬಲೆಗಳಿದ್ದರೂ ಗಾಳಿಗೆ ಆ ಒಂದರ ಮೇಲೇ ಹಗೆ!

ಆಮೇಲೆ ಕಿಟಕಿಯ ಹೊರಗಿನಿಂದ ಪ್ರಸಾರ ಶುರು. ಒಂದು ದಿನ ರೇಡಿಯೋ: "ಕೇಳುಗರೇ, ಇಂದಿನ ಹವಾಮಾನ. ಮೇಡಂ ಅವರ ಹುಬ್ಬಿನ ಮೇಲೆ ಮೋಡ, ಮಧ್ಯಾಹ್ನದ ಹೊತ್ತಿಗೆ ನಗು ಚದುರಿ ಬೀಳುವ ಸಂಭವ." ಇನ್ನೊಂದು ದಿನ ಅವಳ ಪ್ರೊಫೆಸರು, ಫೋನಿನಲ್ಲಿ ಒಮ್ಮೆ ಕೇಳಿದ್ದಷ್ಟೇ, ಮೂಗಿನ ಶೀತದ ಸಮೇತ. ಅವಳು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ನಗುತ್ತಿದ್ದಳು. ಅವನಿಗೆ ಭುಜ ಅಲುಗುವುದು ಕಾಣುತ್ತಿತ್ತು, ಅಷ್ಟು ಸಾಕಿತ್ತು. ಎಲ್ಲರ ದನಿಯೂ ಬಂತು, ಅವನದೊಂದು ಬಿಟ್ಟು.

ಐದು ವಾರ ಖಾಲಿ ಬಲೆ ಹೆಸರಿಗೆ ತಕ್ಕಂತೆ ಖಾಲಿಯಾಗಿತ್ತು. ಆರನೆಯ ವಾರ, ಗುರುವಾರದ ಎಣಿಕೆಯ ದಿನ, ಅವಳು ಮಾಡು ಎತ್ತಿ ನೋಡಿದರೆ ಅಂಟು ಹಾಳೆಯ ಮೇಲೆ ಹನ್ನೊಂದು ಪತಂಗ! ಬೂದು ಮೈ, ರೆಕ್ಕೆಯ ತುದಿಯಲ್ಲಿ ತಾಮ್ರದ ಬೊಟ್ಟು. ಹನ್ನೊಂದೂ ಗಂಡು.

ಅಕ್ಕ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಖಾಲಿ ಬಲೆಯೇ ಸುಳ್ಳು ಹೇಳಿದ್ರೆ ಮಿಕ್ಕ ಹನ್ನೆರಡನ್ನ ಹ್ಯಾಗಮ್ಮ ನಂಬಲಿ? ಭಾನುವಾರದವರೆಗೆ ಕಾಯ್ತೀನಿ. ನಿನ್ನ ಅವಧಿ ಅಲ್ಲಿಗೇ ಮುಗಿಯೋದು ತಾನೆ? ಅಷ್ಟರಲ್ಲಿ ಕಾರಣ ಹೇಳು. ಇಲ್ಲಾಂದ್ರೆ ಸೋಮವಾರ ನಾನು ಟ್ರ್ಯಾಕ್ಟರ್ ಹತ್ತೋಳೇ."

ಹುಳದ ಮೇಡಂ ತಲೆಯೊಳಗೇ ಹುಳ ಹೊಕ್ಕಿತು. ಬಲೆ ಮುಟ್ಟುತ್ತಿದ್ದವನು ಒಬ್ಬನೇ. ಅವನೋ, ಅಕ್ಕನ ತಮ್ಮ. ಬೇರೆ ಬಲೆಯಿಂದ ಪತಂಗ ಕಿತ್ತು ಇಲ್ಲಿ ಅಂಟಿಸುವುದೇನು ಮಹಾ ಕೆಲಸ? ಅವಳು ನೇರವಾಗಿ ಅವನೆದುರು ಹೋಗಿ ನಿಂತಳು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

"ನೀವೇ ತಂದು ಹಾಕಿದ್ರಾ? ಅಕ್ಕನಿಗೋಸ್ಕರ?"

ಅವನು ಬಾಯಿ ತೆರೆದ. ರೇಡಿಯೋ ಬರಲಿಲ್ಲ, ಪ್ರೊಫೆಸರು ಬರಲಿಲ್ಲ, ಯಾರೂ ಬರಲಿಲ್ಲ. ಬುಟ್ಟಿ ಎತ್ತಿಕೊಂಡು ಹೊರಟೇಹೋದ.

ಸಂಜೆ ಕಿಟಕಿಯಿಂದ ನೋಡಿದಳು. ಮರಗಳ ಸಾಲಿನ ಕೊನೆಯಲ್ಲಿ ಅವನು ಬುಟ್ಟಿ ಜೋಡಿಸುತ್ತಿದ್ದ. ಬೆಳಕು ಓರೆಯಾಗಿ ಅವನ ಭುಜದ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಅವನ ಎದೆಯ ಹತ್ತಿರ ಏನೋ ಪಟಪಟ ಅನ್ನುತ್ತಿತ್ತು. ಒಂದಲ್ಲ, ಐದಾರು.

ಅವಳು ಓಡಿದಳು.

"ಅಲ್ಲಾಡಬೇಡಿ!"

ಅವನು ಬುಟ್ಟಿ ಹಿಡಿದಲ್ಲೇ ಕಲ್ಲಾದ. ತಾಮ್ರದ ಬೊಟ್ಟಿನ ಗಂಡು ಪತಂಗಗಳು ಅವನ ಎಡ ಜೇಬಿಗೆ ಪ್ರದಕ್ಷಿಣೆ ಹಾಕುತ್ತಿದ್ದವು. ಒಂದಂತೂ ಜೇಬಿನ ಅಂಚಿನ ಮೇಲೆ ಕುಳಿತು, ರೆಕ್ಕೆ ನಡುಗಿಸುತ್ತ ಒಳಗೆ ಇಣುಕುತ್ತಿತ್ತು.

"ಜೇಬಲ್ಲಿ ಏನಿದೆ?"

"ಕೈಗವಸು. ನೀವು ಕೊಟ್ಟಿದ್ದು."

"ಅದರ ಕೆಳಗೆ?"

ಅವನು ಕತ್ತು ಕೆಳಗೆ ಹಾಕಿದ. ಅವಳು ಚಿಮಟ ಹಾಕಿ ಮೆಲ್ಲಗೆ ಎತ್ತಿದಳು. ಹದಿಮೂರನೆಯ ಕೆಂಪು ಗುಂಡಿ!

"ಹೋದ ಶುಕ್ರವಾರ ಹುಲ್ಲು ಕತ್ತರಿಸುವಾಗ ಸಿಕ್ತು. ಬರಿಗೈಲಿ ಮುಟ್ಟಿಲ್ಲ, ಆಣೆ! ಕೈಗವಸು ಹಾಕ್ಕೊಂಡೇ ಎತ್ತಿ ಜೇಬಿಗಿಟ್ಟೆ."

"ಆಮೇಲೆ ಕೈಗವಸನ್ನೂ ಅದೇ ಜೇಬಿಗೆ."

"ಮತ್ತೆಲ್ಲಿಡಲಿ?"

"ಆ ಕೈಗವಸಲ್ಲೇ ದಿನಾ ನನ್ನ ಖಾಲಿ ಬಲೆಗೆ ಹೆಣ್ಣಿನ ವಾಸನೆ ಬಳಿದ್ರಿ." ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. "ಸಿಕ್ಕ ದಿನವೇ ಕೊಡೋದಲ್ವಾ?"

"ಕೊಡೋಕಂತಲೇ ದಿನಾ ಬರ್ತಿದ್ದೆ..." ಎಂದವನು ತಕ್ಷಣ ಅಕ್ಕನ ದನಿಗೆ ಜಿಗಿದ, "ನೋಡಮ್ಮ, ಈ ಹುಡುಗನಿಗೆ..."

"ಅಕ್ಕನನ್ನ ಬಿಡಿ," ಎಂದಳು. "ಬೆಳಿಗ್ಗೆ ನಾನಂದಿದ್ದು ತಪ್ಪು. ಕ್ಷಮಿಸಿ. ಆದರೆ ನನ್ನ ಕ್ಷಮೆಯಿಂದ ಟ್ರ್ಯಾಕ್ಟರ್ ನಿಲ್ಲಲ್ಲ, ಸಾಕ್ಷಿ ಬೇಕು. ನಿಮ್ಮ ಮಾತು ಭಾನುವಾರ ಕೇಳ್ತೀನಿ, ನಿಮ್ಮ ದನಿಯಲ್ಲಿ. ಈಗ ಶರ್ಟ್ ಬಿಚ್ಚಿ."

"ಆಂ?"

"ಶರ್ಟ್ ರೀ. ಪ್ರಯೋಗಕ್ಕೆ."

ಅಂದು ಬನಿಯನ್ನಿನಲ್ಲಿ ಮನೆಗೆ ಬಂದ ತಮ್ಮನನ್ನು ಅಕ್ಕ ಮೇಲಿಂದ ಕೆಳಗೆ ನೋಡಿದಳು. ಬಾಗಿಲ ಕಡೆ ತಿರುಗಿ ಮುಸಿಮುಸಿ ನಕ್ಕಳಷ್ಟೇ.

ಕಿಟಕಿಯೆದುರಿನ ಮರಕ್ಕೆ ಹೊಚ್ಚ ಹೊಸ ಖಾಲಿ ಬಲೆ ಬಂತು. ತೋಟದ ಇನ್ನೊಂದು ತುದಿಯಲ್ಲಿ, ಇನ್ನೊಂದು ಅಂಟು ಹಾಳೆಯ ಮೇಲೆ, ಅವನ ಖಾಲಿ ಜೇಬಿನ ಶರ್ಟು ನೇತಾಡಿತು. ಮೂರು ದಿನ ಅವನು ಕಿಟಕಿಯ ಕಡೆ ಸುಳಿಯುವಂತಿಲ್ಲ. ಸುಳಿಯಲಿಲ್ಲ. ಮೊದಲ ಬೆಳಿಗ್ಗೆ ಅವಳು ಏಳು ಗಂಟೆಗೆ ಸುಮ್ಮನೆ ತಲೆಯೆತ್ತಿದಳು. ಎರಡನೆಯ ಬೆಳಿಗ್ಗೆ ಏಳಕ್ಕೆ ಐದು ನಿಮಿಷವಿರುವಾಗಲೇ ಎತ್ತಿದಳು. ದೂರದ ಸಾಲಿನಿಂದ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೆ ಕೆಮ್ಮುವ ಸದ್ದು ಬಂತು. ಟ್ರ್ಯಾಕ್ಟರ್ ಶೆಡ್ಡಿನಲ್ಲೇ ಇತ್ತು. ಅವಳು ಒಬ್ಬಳೇ ನಕ್ಕಳು.

ಭಾನುವಾರ ಸಂಜೆ ಎಣಿಸಿದವಳು ಅಕ್ಕನೇ, ಬೇರೆಯವರ ಕಣ್ಣನ್ನು ಅವಳು ನಂಬುವವಳಲ್ಲ. ಹೊಸ ಖಾಲಿ ಬಲೆ: ಸೊನ್ನೆ. ಹನ್ನೆರಡು ಬಲೆಗಳಲ್ಲಿ ಇಡೀ ವಾರಕ್ಕೆ ಮೂರು ಮೀರಿದ್ದು ಒಂದೂ ಇಲ್ಲ. ಶರ್ಟಿನ ಕೆಳಗಿನ ಹಾಳೆ: ಹತ್ತೊಂಬತ್ತು.

"ಹತ್ತೊಂಬತ್ತು ಗಂಡು ನಿನ್ನ ಶರ್ಟಿನ ಹಿಂದೆ ಬಿದ್ದಿವೆಯಲ್ಲೋ!" ಅಕ್ಕ ಕನ್ನಡಕ ತೆಗೆದಳು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಮೇಡಂ, ಟ್ರ್ಯಾಕ್ಟರ್ ಶೆಡ್ಡಲ್ಲೇ ಇರುತ್ತೆ. ಮುಂದಿನ ವರ್ಷ ಆಚೆ ತೋಟಕ್ಕೂ ಕಣಜ ಬಿಡಮ್ಮ." ಇಬ್ಬರನ್ನೂ ಒಮ್ಮೆ ನೋಡಿ, "ನನಗೆ ಒಲೆ ಮೇಲೆ ಹಾಲಿದೆ," ಎಂದು ಹೊರಟಳು. ಒಲೆ ಹೊತ್ತಿಸಿರಲಿಲ್ಲ ಎಂಬುದು ತಮ್ಮನಿಗೆ ಗೊತ್ತಿತ್ತು.

"ಸರಿ, ಹೇಳಿ," ಎಂದಳು ಅವಳು. "ಗುಂಡಿ ಯಾಕೆ ಕೊಡಲಿಲ್ಲ?"

"ಕೇಳುಗರೇ, ಇಂದಿನ..."

"ಅದಲ್ಲ."

"ನೋಡಮ್ಮ..."

"ಅದೂ ಅಲ್ಲ."

ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಬಂದ ದನಿ ಸ್ವಲ್ಪ ಒರಟು, ಸ್ವಲ್ಪ ತಗ್ಗು. ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಬಟ್ಟೆಯ ಹಾಗೆ ಮಡಿಕೆ ಬಿಚ್ಚಿರಲಿಲ್ಲ.

"ಕೊಟ್ಬಿಟ್ರೆ ಬರೋಕೆ ನೆಪ ಇರಲ್ಲ ಅಂತ. ಆರನೇ ವಾರ ಬಂದಿತ್ತು. ನಾಳೆ ನೀವು ಹೊರಡ್ತೀರಿ. ಹೋಗ್ಬೇಡಿ ಅನ್ನಲ್ಲ, ನಿಮ್ಮ ಕೆಲಸ ದೊಡ್ಡದು. ವಾಪಸ್ ಬನ್ನಿ. ಬಲೆ ನೋಡೋಕಲ್ಲ, ನನ್ನ ನೋಡೋಕೆ."

ಅವಳು ನೋಟ್‌ಬುಕ್ ತೆರೆದು ಅವನ ಮುಂದೆ ಹಿಡಿದಳು. ಪತಂಗ, ಮಳೆ, ಬಿಸಿಲು ಎಂಬ ಕಾಲಂಗಳ ಪಕ್ಕದಲ್ಲಿ 'ಗಾಳಿ' ಎಂದೊಂದಿತ್ತು. ಅವನು ಓದಿದ.

"ಸೋಮವಾರ, ಏಳು ಹತ್ತು. ಮಂಗಳವಾರ, ಏಳು ಐದು. ಬುಧವಾರ ಬರಲಿಲ್ಲ. ಗುರುವಾರ, ಗಡ್ಡ ಬೋಳಿಸಿಕೊಂಡಿದೆ, ಚೆನ್ನಾಗಿಲ್ಲ..." ತಲೆಯೆತ್ತಿದ. "ಗಾಳಿಗೆ ಗಡ್ಡ ಎಲ್ಲಿಂದ ಬಂತು?"

"ಆ ಬಲೆಯನ್ನ ದಿನಾ ಓರೆ ಮಾಡೋ ಗಾಳಿಗೆ ಇದೆ. ಆರು ವಾರ ಬರೆದಿದ್ದೀನಿ," ಎಂದಳು. "ಬರ್ತೀನಿ ರೀ. ನಿಮ್ಮನ್ನ ನೋಡೋಕೇ. ಬಲೆಯನ್ನೂ ನೋಡ್ತೀನಿ, ಅದನ್ನ ಮಾತ್ರ ಬಿಡಲ್ಲ."

ಆರು ವಾರದ ಕೊನೆಯ ಎಣಿಕೆಯ ಕೆಳಗೆ ಗೆರೆ ಎಳೆದು ನೋಟ್‌ಬುಕ್ ಮುಚ್ಚಿದಳು. ಬಲಗೈಯ ಗವಸನ್ನು ಬೆರಳು ಬೆರಳಾಗಿ ಬಿಚ್ಚಿ, ಬರಿಗೈ ಚಾಚಿದಳು. ಅವನು ಹೌಹಾರಿ ತನ್ನ ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ.

"ಮುಟ್ಬೇಡಿ! ಅಂಟ್ಕೊಳ್ಳುತ್ತೆ. ವಾರಗಟ್ಟಲೆ ಬಿಡಲ್ಲ ಅಂತ ನೀವೇ ಹೇಳಿದ್ರಿ."

"ಅಷ್ಟೇನಾ?" ಎಂದು ಅವಳು ಆ ಕೈಯನ್ನು ಹುಡುಕಿ ಹಿಡಿದಳು.

ಕಾಡಿನ ಕಡೆಯಿಂದ ತಡವಾಗಿ ಬಂದ ಗಂಡು ಪತಂಗವೊಂದು ಬೆಸೆದ ಆ ಎರಡು ಕೈಗಳ ಸುತ್ತ ಮೂರು ಸುತ್ತು ಹಾಕಿತು. ಯಾರ ಕೈ ಯಾವುದೆಂದು ಬಗೆಹರಿಯದೆ ಮರದ ಕಡೆಗೆ ಹಾರಿಹೋಯಿತು.