ಯಾರದ್ದೂ ಅಲ್ಲದ ಅಕ್ಷರ

2025ರ ಮೇ 12, ಸೋಮವಾರ, ಬೆಳಿಗ್ಗೆ 10.20. ಕೇರಳದ ಕುನ್ನಂಕುಳಂ ಪೊಲೀಸ್ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ಸೆಲೀನಾ, ವಯಸ್ಸು ನಲವತ್ತಾರು. ತಾರು ಎಂಬ ಹೆಸರಿನ ಅಪ್ಪ ಬಿಟ್ಟುಹೋದ ಮುದ್ರಣಾಲಯವನ್ನು ನಡೆಸುತ್ತಿದ್ದಳು. ಕೈಯಲ್ಲಿದ್ದ ಲಕೋಟೆಯನ್ನು ಇನ್‌ಸ್ಪೆಕ್ಟರ್ ಭಾರ್ಗವನ್‌ನ ಮೇಜಿನ ಮೇಲಿಟ್ಟಳು.

ಎರ್ನಾಕುಳಂನ ವಕೀಲರೊಬ್ಬರ ಹೆಸರಿನ ನೋಟಿಸು ಅದು, ಕೆಳಗೆ ಸರ್ಕಾರಿ ಮೂರು ಸಿಂಹದ ಮುದ್ರೆ. 'ಓಲ' ಎಂಬ ಫಾಂಟಿಗೆ ಒಡೆಯರಿದ್ದಾರೆ, ಅನುಮತಿಯಿಲ್ಲದೆ ಅದರಲ್ಲಿ ಅಚ್ಚಾದ ಪ್ರತಿಗಳನ್ನು ಹದಿನೈದು ದಿನದೊಳಗೆ ನಾಶಮಾಡತಕ್ಕದ್ದು, ತಪ್ಪಿದಲ್ಲಿ ಮುದ್ರಣಾಲಯಕ್ಕೆ ಬೀಗ ಬೀಳುತ್ತದೆ ಎಂದಿತ್ತು.

"ಏನು ಅಚ್ಚು ಹಾಕಿದ್ರಿ?"

"ಪ್ರಾರ್ಥನೆ ಪುಸ್ತಕ ಸಾರ್. ಹೊಸ ಇಗರ್ಜಿಗೆ ಮೂರು ಸಾವಿರ ಪ್ರತಿ. ಇಪ್ಪತ್ತೈದಕ್ಕೆ ಕೂದಾಶ, ಅಂದ್ರೆ ಇಗರ್ಜಿಯ ಪ್ರತಿಷ್ಠೆ ಇದೆ, ಅವತ್ತು ಜನರ ಕೈಗೆ ಕೊಡ್ಬೇಕು. ಮಲಯಾಳ, ಸುರಿಯಾನಿ, ಇಂಗ್ಲಿಷ್ ಮೂರೂ ಒಂದೇ ಸಾಲಲ್ಲಿ ಜಗಳ ಇಲ್ಲದೆ ಕೂರೋ ಫಾಂಟ್ ಅದೊಂದೇ."

"ಈಗ ಇಗರ್ಜಿಯ ಪಾದ್ರಿ ಅಚ್ಚನ್ ಏನಂತಾರೆ?"

"ಕೇಸಿರೋ ಪುಸ್ತಕ ಅಲ್ತಾರದ ಪೀಠದ ಮೇಲೆ ಇಡಲ್ಲ ಅಂದ್ರು. ಬೈಂಡಿಂಗ್ ಹೆಂಗಸರು ಎಂಟು ಜನ ಕೈಕಟ್ಟಿ ಕೂತಿದ್ದಾರೆ. ಈ ಕೆಲಸ ಕೈಬಿಟ್ರೆ ನಾನು ಅಪ್ಪನ ಮಿಷನ್ನು ಮಾರಿ ಮನೇಲಿ ಕೂರ್ಬೇಕು ಸಾರ್."

"ಫಾಂಟ್ ಎಲ್ಲಿಂದ ತಂದ್ರಿ?"

"ಅದು ಪುಕ್ಕಟೆ ಸಾರ್. ಊರಲ್ಲಿ ಎಲ್ಲಾರೂ ಅದನ್ನೇ ಹಾಕ್ತಾರೆ."

"ಪುಕ್ಕಟೆ ಅನ್ನೋದಕ್ಕೆ ಕಾಗದ ಇದೆಯಾ?"

ಸೆಲೀನಾ ಲಕೋಟೆಯನ್ನೇ ಮತ್ತೊಮ್ಮೆ ಮುಂದೆ ತಳ್ಳಿದಳು. ಕಾಗದ ಇರಲಿಲ್ಲ.

ಭಾರ್ಗವನ್ ಪಾಲಕ್ಕಾಡಿನವನು. ಅನುಮಾನ ಅವನಿಗೆ ಹುಟ್ಟುಗುಣ. ಹೆಂಡತಿ ಸಾರಿಗೆ ಉಪ್ಪು ಹಾಕಿದೆ ಅಂದರೂ ನಾಲಿಗೆಗೆ ಹಚ್ಚಿ ನೋಡುವ ಆಸಾಮಿ. ಪುಸ್ತಕ ಹೇಳಿದ ದಿನಕ್ಕೆ ಮುಗಿಯದೆ, ನೆಪಕ್ಕೆ ಇವಳೇ ನೋಟಿಸು ಬರೆಸಿಕೊಂಡಳೋ ಎಂದೂ ಅವನಿಗೆ ಒಮ್ಮೆ ಅನ್ನಿಸದೇ ಇರಲಿಲ್ಲ. ಹಾಗಂತ ದೂರು ಪಡೆಯದೆ ಬಿಡುವಂತಿರಲಿಲ್ಲ. ಅದನ್ನು ತನಿಖೆಗೆ ಇಟ್ಟುಕೊಂಡು, ಲಕೋಟೆಯ ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದ.

"ಶೈನಿ, ಇಲ್ಲಿ ಬಾ. ವಕೀಲ ಎರ್ನಾಕುಳಂನವನು. ಲಕೋಟೆ ಅಂಚೆಗೆ ಬಿದ್ದಿರೋದು ಎಲ್ಲಿ?"

ಕಾನ್‌ಸ್ಟೇಬಲ್ ಶೈನಿ ಇದೇ ಊರಿನವಳು. ಬಗ್ಗಿ ನೋಡಿ ನಕ್ಕಳು. "ಕುನ್ನಂಕುಳಂ ಸಾರ್. ಕೇರಳದಲ್ಲಿ ಯಾವ ನಕಲಿ ಸಿಕ್ಕಿದ್ರೂ ನಮ್ಮೂರ ಹೆಸರು ಹೇಳಿ ಹಂಗಿಸ್ತಾರೆ. ಈಗ ಊರಿನವರಿಗೇ ಊರಿನ ನಕಲಿ ಬಂತು ನೋಡಿ."

ಮಧ್ಯಾಹ್ನದ ಹೊತ್ತಿಗೆ ವಕೀಲರ ಪರಿಷತ್ತಿನಿಂದ ಉತ್ತರ ಬಂತು. ಆ ಹೆಸರಿನ, ಆ ನೋಂದಣಿ ಸಂಖ್ಯೆಯ ವಕೀಲ ಇಲ್ಲವೇ ಇಲ್ಲ. 2.45ಕ್ಕೆ ಎಫ್‌ಐಆರ್ ದಾಖಲಾಯಿತು. ನ್ಯಾಯ ಸಂಹಿತೆಯ 336, 340, 341ನೇ ಕಲಂಗಳು, ಅಂದರೆ ಸುಳ್ಳು ದಾಖಲೆ, ಅದರ ಬಳಕೆ, ಕಳ್ಳ ಮುದ್ರೆ.

ಅಂದೇ ಸಂಜೆ ಮುದ್ರಣಾಲಯದಲ್ಲಿ ಮಹಜರು ನಡೆಯಿತು. ಮಡಿಚಿದ ಹಾಳೆಗಳ ಕಟ್ಟು ಗೋಡೆಗೆ ಒರಗಿ ಎದೆಮಟ್ಟ ನಿಂತಿತ್ತು. ಬೈಂಡಿಂಗ್ ಹೆಂಗಸರು ಚಹಾ ಕುಡಿಯುತ್ತ ಪೊಲೀಸರನ್ನೇ ಕಳ್ಳರಂತೆ ನೋಡಿದರು. ಭಾರ್ಗವನ್ ಪುಸ್ತಕದ ಒಂದು ಪ್ರತಿ ತೆಗೆದು ಮೊದಲಿಂದ ಕೊನೆಯವರೆಗೆ ತಿರುವಿದ. ಕೊನೆಯ ಪುಟದ ತಳದಲ್ಲಿ ಸಣ್ಣಗೆ ಒಂದು ಸಾಲಿತ್ತು: 'ಅಕ್ಷರ: ಓಲ. ಯಾರದ್ದೂ ಅಲ್ಲ, ಎಲ್ಲರೂ ಬಳಸಬಹುದು.'

"ಇದನ್ನ ಯಾಕೆ ಹಾಕಿದ್ರಿ?"

"ಕದ್ದ ಫಾಂಟ್ ಅಂತ ಯಾರೂ ಅನ್ನದಿರ್ಲಿ ಅಂತ."

"ಅಚ್ಚಾಗೋಕೆ ಮುಂಚೆ ಈ ಪುಟ ಯಾರ್ಯಾರು ನೋಡಿದ್ರು?"

"ಅಚ್ಚನ್, ನಾನು, ಈ ಹೆಂಗಸರು. ಆಮೇಲೆ ಇಟ್ಟೂಪ್ ಚೇಟ್ಟ ಬಂದಿದ್ರು, ಸುರಿಯಾನಿ ಅಕ್ಷರ ಸರಿ ಬಿದ್ದಿದ್ಯಾ ಅಂತ ನೋಡೋಕೆ. ಅಪ್ಪನ ಕಾಲದಲ್ಲಿ ತಲೆಬರಹಕ್ಕೆ ಮರದಲ್ಲಿ ಅಕ್ಷರ ಕೆತ್ತುತ್ತಿದ್ದೋರು."

ಶೈನಿ ಎಲ್ಲರ ಹೆಸರೂ ಬರೆದುಕೊಂಡಳು. ಇಟ್ಟೂಪರನ್ನು ಊರೆಲ್ಲ ಚೇಟ್ಟ, ಅಂದರೆ ಅಣ್ಣ, ಎಂದೇ ಕರೆಯುತ್ತಿತ್ತು.

ಮರುದಿನ ಇಡೀ ಬೀದಿ ಸುತ್ತಿದರು. ಇನ್ನೂ ಆರು ಮುದ್ರಣಾಲಯಗಳಿಗೆ ಅದೇ ನೋಟಿಸು ಬಂದಿತ್ತು. ಒಬ್ಬರ ಬಳಿಯೂ ಅನುಮತಿಯ ಕಾಗದವಿಲ್ಲ. ಎಲ್ಲರೂ ಫಾಂಟನ್ನು ತಂದದ್ದು ಅವರಲ್ಲೇ ಒಬ್ಬನಾದ ಪಾವುಣ್ಣಿ ಎಂಬವನ ಪೆನ್‌ಡ್ರೈವಿನಿಂದ. ಇಗರ್ಜಿಯ ಕೆಲಸಕ್ಕೆ ಸೆಲೀನಾಳ ಜೊತೆ ಪೈಪೋಟಿಗೆ ಬಿದ್ದು ಸೋತವನೂ ಇದೇ ಪಾವುಣ್ಣಿ. ಭಾರ್ಗವನ್‌ನ ಹುಬ್ಬು ಮೇಲೇರಿತು.

"ನಿನಗೂ ನೋಟಿಸು ಬಂತಾ?"

"ಬಂತು ಸಾರ್."

"ನೀನೇ ಬರೆದು ನೀನೇ ಹಾಕ್ಕೊಂಡಿರಬಹುದಲ್ಲ? ಹೆದರಿ ಅವಳು ಕೈಬಿಟ್ರೆ ಕೆಲಸ ನಿನಗೆ."

"ಅಯ್ಯೋ ನನ್ನ ಕರ್ಮ. ನಾನು ಹೆದರಿ ಇಪ್ಪತ್ತು ಸಾವಿರ ಮದುವೆ ಕರೆಯೋಲೆ ಕತ್ತರಿಸಿ ಹಾಕಿದ್ದೀನಿ ಸಾರ್. ಹಿಂದಿನ ಕೋಣೇಲಿ ಇದೆ, ನೋಡಿ ಬನ್ನಿ."

ಭಾರ್ಗವನ್ ನಿಜವಾಗಿಯೂ ಹೋಗಿ ನೋಡಿದ. ಚೀಲಗಟ್ಟಲೆ ಚೂರು, ವಧೂವರರ ಹೆಸರುಗಳು ಹರಿದು ಚೆಲ್ಲಾಪಿಲ್ಲಿ. ಸುಳ್ಳಿಗೆ ಯಾರೂ ಇಷ್ಟು ಕತ್ತರಿಸುವುದಿಲ್ಲ.

"ಫಾಂಟಿನ ಜೊತೆ ಏನೂ ಕಾಗದ ಬಂದಿರಲಿಲ್ವಾ?"

"ಒಂದು ಪುಟ್ಟ ಫೈಲಿತ್ತು, ಬರೀ ಬರವಣಿಗೆ. ಅದರಿಂದ ಅಚ್ಚು ಹಾಕೋಕಾಗುತ್ತಾ? ಕಸ ಅಂತ ಅಳಿಸಿ, ಅಕ್ಷರದ ಫೈಲ್ ಮಾತ್ರ ಇಟ್ಕೊಂಡೆ. ನಮ್ಮಲ್ಲಿ ಎಲ್ಲರೂ ಹಾಗೇನೇ."

ಠಾಣೆಗೆ ಮರಳುವಾಗ ಭಾರ್ಗವನ್ ನೋಟಿಸುಗಳನ್ನು ಒಂದೊಂದಾಗಿ ಮತ್ತೆ ಓದಿದ. ಅವನ ತಲೆಯಲ್ಲಿ ಹುಳ ಬಿಟ್ಟಂತಾಗಿದ್ದು ಬೇರೆ ವಿಷಯ. ಏಳು ನೋಟಿಸು, ಒಂದರಲ್ಲೂ ಒಂದು ರೂಪಾಯಿ ಕೇಳಿಲ್ಲ. ದುಡ್ಡು ಕೇಳದ ಮೋಸಗಾರನನ್ನು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಕಂಡಿರಲಿಲ್ಲ.

ಮೇ 14, ಬೆಳಿಗ್ಗೆ 11. ತೃಶ್ಶೂರಿನ ಒಂದು ಮಹಡಿ ಕೋಣೆ. 'ಓಲ'ವನ್ನು ಲೋಕಕ್ಕೆ ಬಿಟ್ಟ ಸ್ವತಂತ್ರ ತಂತ್ರಾಂಶ ಗೆಳೆಯರ ಕೂಟಕ್ಕೆ ಜಿಷ್ಣು ಎಂಬ ಮೂವತ್ತರ ಯುವಕ ಮುಖ್ಯಸ್ಥ. ಅನುಮಾನದ ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಫಾಂಟು ಮಾಡಿದವನಿಗಿಂತ ಹೆಚ್ಚಾಗಿ ಅದರ ಮೇಲೆ ಹಕ್ಕು ಸಾಧಿಸುವವನು ಯಾರು?

"ಇದಕ್ಕೆ ಒಡೆಯ ಇದ್ದಾನಾ ಇಲ್ವಾ?"

"ಇದ್ದಾರೆ ಸಾರ್. ಪುಕ್ಕಟೆ ಅಂದ್ರೆ ಯಾರದ್ದೂ ಅಲ್ಲ ಅಂತ ಅಲ್ಲ. ಬರೆದೋರ ಹಕ್ಕು ಬರೆದೋರದ್ದೇ. ಅವರು ಎಲ್ಲರಿಗೂ ಬಳಸೋಕೆ ಬಿಟ್ಟಿದ್ದಾರೆ, ಅಷ್ಟೆ."

"ಪುಸ್ತಕ ಅಚ್ಚು ಹಾಕೋಕೆ ಯಾರನ್ನಾದ್ರೂ ಕೇಳ್ಬೇಕಾ?"

"ಬೇಡ. ಪುಸ್ತಕ ಹಾಕಿ, ಕರೆಯೋಲೆ ಹಾಕಿ, ಮಾರಿ, ಯಾರೂ ಕೇಳಲ್ಲ. ಫಾಂಟನ್ನೇ ಇನ್ನೊಬ್ಬರಿಗೆ ನಕಲು ಮಾಡಿ ಕೊಡುವಾಗ ಮಾತ್ರ, ಮಾಡಿದೋರ ಹೆಸರು, ಈ ಪರವಾನಗಿ, ಎರಡೂ ಜೊತೇಲಿ ಹೋಗ್ಬೇಕು."

ಅವನು ಎರಡು ಹಾಳೆ ಅಚ್ಚು ತೆಗೆದು ಕೊಟ್ಟ. ಪಾವುಣ್ಣಿ ಕಸವೆಂದು ಅಳಿಸಿದ್ದ ಫೈಲು ಅದೇ. ಭಾರ್ಗವನ್ ಮೊದಲ ಸಾಲು ಓದಿದ, ಮತ್ತೊಮ್ಮೆ ಓದಿದ, ಮಡಿಚಿ ಕಡತಕ್ಕೆ ಸೇರಿಸಿದ. ನಂತರ ನೋಟಿಸನ್ನು ಮುಂದಿಟ್ಟ.

ಜಿಷ್ಣು ಅದನ್ನು ಕಣ್ಣಿಗೆ ಹತ್ತಿರ ಹಿಡಿದ. "ನೋಟಿಸೂ ಓಲದಲ್ಲೇ ಇದೆ, ಆದ್ರೆ ಇದು ನಾವು ಬಿಟ್ಟ ಫಾಂಟಲ್ಲ ಸಾರ್. ಅದಕ್ಕೂ ಮುಂಚಿನ ಪರೀಕ್ಷೆ ಪ್ರತಿ. ಇಲ್ಲಿ ಅಕ್ಷರದ ಬಾಲ ಕೆಳಗೆ ಇಳಿದಿದೆ ನೋಡಿ, ಸಾಲಿಗೆ ಸಾಲು ತಾಗುತ್ತೆ ಅಂತ ಆಮೇಲೆ ಚಿಕ್ಕದು ಮಾಡಿದ್ವಿ."

"ಪರೀಕ್ಷೆ ಪ್ರತಿ ಯಾರ ಹತ್ರ ಇತ್ತು?"

"ಮೂರು ಜನ. ನಾನು. ಸುರಿಯಾನಿ ತಿದ್ದಿದ ಇನ್ನೊಬ್ಬ ಅಚ್ಚನ್, ಅವರು ತೀರ್ಕೊಂಡು ವರ್ಷ ಆಯ್ತು, ಅವರ ಕಂಪ್ಯೂಟರಲ್ಲಿ ಇದ್ದದ್ದನ್ನೆಲ್ಲ ನಾನೇ ಅಳಿಸಿದೆ." ಅವನ ದನಿ ಇಳಿಯಿತು. "ಇನ್ನೊಬ್ರು ಅಕ್ಷರ ಬರೆದೋರೇ. ಇಟ್ಟೂಪ್ ಚೇಟ್ಟ."

ಇಬ್ಬರಲ್ಲಿ ಒಬ್ಬ. ಜೀಪು ಹತ್ತಿದ ಮೇಲೆ ಶೈನಿ ನೋಟಿಸಿನ ಸಿಂಹದ ಮುದ್ರೆಗೆ ಭೂತಗನ್ನಡಿ ಹಿಡಿದಳು. ಅಂಗಡಿಯಲ್ಲಿ ಮಾಡಿಸಿದ ರಬ್ಬರ್ ಮುದ್ರೆಯಲ್ಲಿ ಗೆರೆಗಳು ನುಣುಪಾಗಿರುತ್ತವೆ. ಇಲ್ಲಿ ಗೆರೆಗೆರೆಯ ತುದಿಯಲ್ಲೂ ಉಳಿಯ ಕಚ್ಚು ಇತ್ತು, ನಡುವಿನ ಸಿಂಹದ ಹೊಟ್ಟೆಯಲ್ಲಿ ಮರದ ನಾರಿನ ಗುರುತು.

"ಜಿಷ್ಣುಗೆ ಪೆನ್ಸಿಲ್ ಹೆರೆಯೋಕೂ ಬರಲಿಕ್ಕಿಲ್ಲ ಸಾರ್," ಎಂದಳು.

ಮಧ್ಯಾಹ್ನ 3.30. ಇಟ್ಟೂಪರ ಮನೆಯ ಮುಂಬಾಗಿಲು ತೆರೆದೇ ಇತ್ತು. ಎಪ್ಪತ್ತನಾಲ್ಕರ ಮುದುಕ, ಬಿಳಿ ಮುಂಡುಪಂಚೆ, ಬೆರಳ ತುದಿ ಕಪ್ಪು. ಹೆಂಡತಿ ಕೊಚ್ಚನ್ನಂ ಚಹಾ ತಂದಿಟ್ಟು, ಹೋಗದೆ ಬಾಗಿಲಲ್ಲೇ ನಿಂತಳು.

"ಚೇಟ್ಟ, ನಿಮ್ಮ ಉಳಿಗಳನ್ನ ನೋಡಬಹುದಾ?"

"ಉಳಿ ಯಾಕೆ ನೋಡ್ತೀರಿ?" ಇಟ್ಟೂಪ್ ಎದ್ದು ಕಪಾಟಿನಿಂದ ಅಂಗೈಯಗಲದ ಮರದ ತುಂಡೊಂದನ್ನು ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಮೂರೂ ಸಿಂಹ ತಿರುಗುಮುರುಗಾಗಿ ಕೂತಿದ್ದವು. "ಇದಕ್ಕೇ ಬಂದಿದ್ದು ತಾನೇ? ಎಡಗಡೆ ಸಿಂಹದ ಮೀಸೆ ಕೆಟ್ಟಿದೆ. ಕಣ್ಣು ಮೊದಲಿನ ಹಾಗಿಲ್ಲ."

ಕೊಚ್ಚನ್ನಂ ಹೆಗಲ ಹೊದಿಕೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು.

"ಯಾಕೆ ಮಾಡಿದ್ರಿ?"

"ಮಲಯಾಳಕ್ಕೆ ಒಂಬೈನೂರು ಅಕ್ಷರ, ಒತ್ತುಗಳೂ ಸೇರಿ. ಸುರಿಯಾನಿ ಬೇರೆ. ಆರು ವರ್ಷ ಕೂತು ಬರೆದೆ. ಆ ಹುಡುಗ ಜಿಷ್ಣು ಬಂದು, ಎಲ್ಲರಿಗೂ ಕೊಟ್ಟುಬಿಡೋಣ ಚೇಟ್ಟ ಅಂದ. ಕೊಡು ಅಂದೆ. ದುಡ್ಡು ನಾನೂ ಕೇಳಲಿಲ್ಲ, ಅವನೂ ಕೊಡಲಿಲ್ಲ. ನಿಮ್ಮ ಹೆಸರು ಒಳಗಿದೆ ಅಂದ. ಒಳಗೆ ಎಲ್ಲಿ? ಪಾವುಣ್ಣಿ ಹತ್ರ ಪೆನ್‌ಡ್ರೈವ್ ತಂದು ಮೊಮ್ಮಗಳ ಕೈಲಿ ತೆಗೆಸಿ ನೋಡಿದೆ. ಬರೀ ಅಕ್ಷರ. ಹೆಸರಿಲ್ಲ."

"ಅವನನ್ನೇ ಕೇಳಬಹುದಿತ್ತಲ್ಲ?"

"ನನ್ನ ಹೆಸರು ಎಲ್ಲಪ್ಪಾ ಅಂತ ನಾನು ಅವನ ಬಾಗಿಲಿಗೆ ಹೋಗಿ ನಿಲ್ಲಬೇಕಾ? ಹೋಗಲಿ ಅಂತ ಬಿಟ್ಟೆ. ನಾಲ್ಕು ವರ್ಷ ಬಿಟ್ಟೆ. ಮೊನ್ನೆ ತಾರುವಿನ ಮಗಳ ಪುಸ್ತಕ ನೋಡೋಕೆ ಹೋದೆ. ಆ ಹುಡುಗಿಗೆ ಮಣೆ ಮೇಲೆ ಕೂರಿಸಿ ಅಕ್ಷರ ಕಲಿಸಿದೋನು ನಾನು. ಅವಳೇ ಹಾಕಿದ್ದಾಳೆ, ಯಾರದ್ದೂ ಅಲ್ಲ ಅಂತ." ಅವರು ಮರದ ತುಂಡನ್ನು ಪಕ್ಕಕ್ಕೆ ಸರಿಸಿದರು. "ಯಾರದ್ದೂ ಅಲ್ವಾ ಸಾರ್? ಹೆಸರು ಹಾಕಿ ಅಂತ ಕೇಳಿದ್ರೆ ನಗ್ತಾರೆ. ಕೋರ್ಟು ಅಂದ್ರೆ, ಒಡೆಯ ಯಾರು ಅಂತ ಒಬ್ಬನಾದ್ರೂ ವಿಚಾರಿಸ್ತಾನೆ ಅಂದ್ಕೊಂಡೆ. ಯಾರೂ ವಿಚಾರಿಸಲಿಲ್ಲ. ಕತ್ತರಿಸಿ ಹಾಕಿದ್ರು."

ಭಾರ್ಗವನ್ ಮಾಡಬೇಕಾದ್ದನ್ನು ಮಾಡಿದ. ನೆರೆಯ ಇಬ್ಬರನ್ನು ಸಾಕ್ಷಿಗೆ ಕರೆದು, ಮರದ ಮುದ್ರೆ, ಉಳಿ ಮೂರು, ಹಳೆಯ ಕಂಪ್ಯೂಟರ್ ಒಂದು ವಶಪಡಿಸಿಕೊಂಡ. ಮಹಜರು 4.50ಕ್ಕೆ ಮುಗಿಯಿತು.

ಇಟ್ಟೂಪರನ್ನು ಕರೆತಂದಾಗ ಠಾಣೆಯಲ್ಲಿ ಸೆಲೀನಾ ಕಾದಿದ್ದಳು. ಸುದ್ದಿ ಜೀಪಿಗಿಂತ ಮುಂಚೆ ಬೀದಿಗೆ ತಲುಪಿತ್ತು. ಮುದುಕನ ಮುಖ ನೋಡಲಾಗದೆ ಅವಳು ಭಾರ್ಗವನ್‌ನ ಕಡೆ ತಿರುಗಿದಳು. "ದೂರು ವಾಪಸ್ ತಗೋತೀನಿ ಸಾರ್."

"ಕಳ್ಳ ಮುದ್ರೆ ಕೆತ್ತಿದ್ದು ನಿಮ್ಮೊಬ್ಬರ ಮೇಲಿನ ಅಪರಾಧ ಅಲ್ಲ. ವಾಪಸ್ ಆಗಲ್ಲ. ನಿಮ್ಮ ಪುಸ್ತಕಕ್ಕೆ ಅಡ್ಡಿ ಇಲ್ಲ, ಅಚ್ಚನ್‌ಗೆ ನಾನೇ ಬರೆದು ಕೊಡ್ತೀನಿ."

5.40ಕ್ಕೆ ಶೈನಿ ಬಂಧನ ಪತ್ರ ಟೈಪು ಮಾಡಿ ತಂದಳು. ಇಟ್ಟೂಪ್ ಕನ್ನಡಕ ಹಾಕಿಕೊಂಡರು. ಓದಲಿಲ್ಲ, ಮೊದಲ ಸಾಲಿನ ಮೇಲೆ ಬೆರಳಾಡಿಸಿದರು.

"ಇದೂ ಓಲನೇ."

"ಹೌದು ಚೇಟ್ಟ. ಠಾಣೇಲೂ ಇದನ್ನೇ ಹಾಕೋದು," ಎಂದಳು ಶೈನಿ.

"ನನ್ನ ಅಕ್ಷರದಲ್ಲಿ ನನ್ನ ಹೆಸರು ಬಿದ್ದಿದ್ದು ಇದೇ ಮೊದಲು ಮಗಳೇ," ಎಂದು ನಗಲು ನೋಡಿದರು.

"ಮೊದಲಲ್ಲ," ಎಂದ ಭಾರ್ಗವನ್. ಕಡತದಿಂದ ಜಿಷ್ಣು ಕೊಟ್ಟಿದ್ದ ಎರಡು ಹಾಳೆ ತೆಗೆದು ಅವರ ಮುಂದಿಟ್ಟ. "ಇದು ನಾಲ್ಕು ವರ್ಷದ ಹಿಂದಿನದು."

ಮೊದಲ ಸಾಲಿನಲ್ಲಿ ಹೀಗಿತ್ತು: 'ಅಕ್ಷರಗಳ ಹಕ್ಕು ಕುನ್ನಂಕುಳಂನ ಇಟ್ಟೂಪ್ ಅವರದು.' ಫಾಂಟು ಎಲ್ಲಿಗೆ ಹೋದರೂ ಈ ಸಾಲು ಜೊತೆಗೆ ಹೋಗತಕ್ಕದ್ದು ಎಂದು ಅದರ ಕೆಳಗಿತ್ತು.

ಇಟ್ಟೂಪ್ ಆ ಸಾಲಿನ ಮೇಲೂ ಬೆರಳಾಡಿಸಿದರು. "ಇದು ಎಲ್ಲಿತ್ತು?"

"ಫಾಂಟಿನ ಜೊತೇಲೇ ಇತ್ತು. ಪಾವುಣ್ಣಿ ಕಸ ಅಂತ ಅಳಿಸಿದ. ಅವನಿಂದ ಊರೆಲ್ಲ ತಗೊಂಡ್ರು."

"ಹಾಗಾದ್ರೆ ಆ ಹುಡುಗ ಸುಳ್ಳು ಹೇಳಿರಲಿಲ್ಲ," ಎಂದರು ಮುದುಕ. ಕನ್ನಡಕ ತೆಗೆದು ಮುಂಡಿನಲ್ಲಿ ಒರೆಸಿದರು, ಆಮೇಲೆ ಕಣ್ಣನ್ನೂ.

ಸೆಲೀನಾ ಬಾಗಿಲ ಬಳಿಯೇ ನಿಂತು ಹೇಳಿದಳು, "ಆ ಸಾಲಿನ ಮೇಲೆ ಚೀಟಿ ಅಂಟಿಸ್ತೀನಿ ಚೇಟ್ಟ. ಮೂರು ಸಾವಿರಕ್ಕೂ. ನಿಮ್ಮ ಹೆಸರು ಹಾಕಿ." ಇಟ್ಟೂಪ್ ತಲೆಯೆತ್ತಲಿಲ್ಲ. "ಬಾಲ ಚಿಕ್ಕದು ಮಾಡಿದ್ದಾರಲ್ಲ, ಆ ಫಾಂಟಲ್ಲೇ ಹಾಕು," ಎಂದಷ್ಟೇ ಹೇಳಿ ಬಂಧನ ಪತ್ರಕ್ಕೆ ಸಹಿ ಹಾಕಿದರು.

ಏಳು ಗಂಟೆಗೆ ಮ್ಯಾಜಿಸ್ಟ್ರೇಟರ ಮನೆಗೆ ಹೊರಡುವ ಮುಂಚೆ ಇಟ್ಟೂಪ್ ಆ ಎರಡು ಹಾಳೆಯ ನಕಲು ಸಿಗುತ್ತದೆಯೇ ಎಂದು ಕೇಳಿದರು. ತನಿಖೆಯ ದಾಖಲೆ ಆರೋಪಿಗೆ ಈಗಲೇ ಕೊಡುವಂತಿಲ್ಲ. ಭಾರ್ಗವನ್ ಆ ಮಾತು ಹೇಳದೆ ತಾನೇ ಎದ್ದು ಹೋಗಿ ನಕಲು ತೆಗೆದು ತಂದ. ಆರೋಪಿಯ ಬಳಿ ಇದ್ದ ವಸ್ತುಗಳ ಪಟ್ಟಿಯಲ್ಲಿ ಶೈನಿ ಬರೆದಳು: ಕನ್ನಡಕ ಒಂದು, ಕರವಸ್ತ್ರ ಒಂದು, ಜೇಬಿನಲ್ಲಿ ಮಡಿಚಿದ ಕಾಗದ ಎರಡು ಹಾಳೆ.